ಚಳಿಗಾಲದ ರಸ್ತೆಗೆ ಎರಚುವ ಉಪ್ಪು ಬಾವಿ ನೀರಿಗೆ ಇಳಿಯುತ್ತಿದೆ: ಅಪಘಾತ ಹೆಚ್ಚಾಗದಂತೆ ಅದನ್ನು ಕಡಿಮೆ ಮಾಡಲು ಸಾಧ್ಯವೇ?

ಚಿಂತಾಮಣಿಯ ಶಿಕ್ಷಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಅಕ್ಕನ ಕುಟುಂಬ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಹೊರವಲಯದಲ್ಲಿ ನೆಲೆಸಿದೆ. ಅವರಿಗೆ ನಗರಸಭೆಯ ನಲ್ಲಿ ನೀರಿನ ಸೌಲಭ್ಯವಿಲ್ಲ. ಮನೆಯ ಕೊಳವೆಬಾವಿಯೇ ಆಧಾರ. ಈಚೆಗೆ ನೀರನ್ನು ಪರೀಕ್ಷೆಗೆ ಕೊಟ್ಟಾಗ ಕ್ಲೋರೈಡ್ (ಉಪ್ಪು ನೀರಿನಲ್ಲಿ ಕರಗಿದಾಗ ಸೋಡಿಯಂ ಜೊತೆಗೆ ಬಿಡುಗಡೆಯಾಗುವ ಅಂಶ) ಪ್ರಮಾಣ ಲೀಟರಿಗೆ 190 ಮಿಲಿಗ್ರಾಂ ಎಂದು ವರದಿ ಬಂದಿದೆ. ಮನೆ ಕೊಂಡ ವರ್ಷದ ವರದಿಯಲ್ಲಿ ಅದು ಇದರ ಅರ್ಧಕ್ಕಿಂತಲೂ ಕಡಿಮೆಯಿತ್ತು.

ಅವರ ಮನೆಯ ಹಿಂದೆಯೇ ಹೆದ್ದಾರಿ ಹಾದುಹೋಗುತ್ತದೆ. ಹಿಮ ಬಿದ್ದಾಗಲೆಲ್ಲ ಲಾರಿಗಳು ಬಂದು ಕಲ್ಲುಪ್ಪನ್ನು ಎರಚಿ ಹೋಗುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ ರಸ್ತೆಯಂಚಿನ ಹುಲ್ಲು ಕಂದು ತಿರುಗಿ, ಮಳೆನೀರಿನ ಚರಂಡಿಯ ಬಾಯಲ್ಲಿ ನಮ್ಮ ಕಡೆಯ ಚೌಳು ನೆಲದಂತೆ ಬಿಳಿ ಪೊರೆ ಕಟ್ಟಿರುವ ಚಿತ್ರವನ್ನು ಅಕ್ಕ ಕಳುಹಿಸಿದ್ದಾಳೆ. ಊರಿನ ಸಭೆಯಲ್ಲಿ ಉಪ್ಪನ್ನು ಕಡಿಮೆ ಮಾಡಬೇಕೆಂದು ಕೆಲವರು ಒತ್ತಾಯಿಸಿದರೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುವ ತಂದೆ ತಾಯಂದಿರು ಅದನ್ನು ಬಲವಾಗಿ ವಿರೋಧಿಸಿದರಂತೆ. ಭಾವನವರು ಬೆಳಗಿನ ಜಾವ ಕತ್ತಲಲ್ಲೇ ಕೆಲಸಕ್ಕೆ ಹೊರಡುವವರಾದ್ದರಿಂದ ಅಕ್ಕನಿಗೂ ಯಾವ ಪಕ್ಷ ವಹಿಸಬೇಕೆಂದು ತಿಳಿಯುತ್ತಿಲ್ಲ.

ಉಪ್ಪು ಕಡಿಮೆಯಾದರೆ ಅಪಘಾತ ಹೆಚ್ಚಾಗಲೇಬೇಕೇ? ಒಮ್ಮೆ ನೆಲಕ್ಕೆ ಇಳಿದ ಉಪ್ಪು ಕಾಲಕ್ರಮದಲ್ಲಿ ತಾನಾಗಿಯೇ ತೊಲಗುತ್ತದೆಯೇ? ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವರು ಅನೇಕರು ಆ ಹಿಮದ ನಾಡುಗಳಲ್ಲಿ ಕೆಲಸ ಮಾಡಿದ್ದೀರಿ, ನೀರಿನ ಕಷ್ಟವನ್ನಂತೂ ನಾವೆಲ್ಲರೂ ಹುಟ್ಟಿನಿಂದ ಕಂಡವರು. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಮಾಲೂರಿನ ನಿವೃತ್ತ ಎಂಜಿನಿಯರ್

ಮೇಷ್ಟರೇ, ನಾನು ಸೇವೆಯಲ್ಲಿದ್ದಾಗ ಹೆಚ್ಚಿನ ಕಾಲವನ್ನು ವಿಸ್ಕಾನ್ಸಿನ್ ರಾಜ್ಯದಲ್ಲಿ ರಸ್ತೆ ನಿರ್ವಹಣೆಯ ಕೆಲಸದಲ್ಲೇ ಕಳೆದವನು. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಉಪ್ಪನ್ನು ಕಡಿಮೆ ಮಾಡಿಯೂ ರಸ್ತೆಯನ್ನು ಇಂದಿನಷ್ಟೇ ಸುರಕ್ಷಿತವಾಗಿ ಇಡಬಹುದು, ಏಕೆಂದರೆ ಇಂದು ಎರಚುತ್ತಿರುವ ಉಪ್ಪಿನಲ್ಲಿ ಒಂದು ದೊಡ್ಡ ಪಾಲು ರಸ್ತೆಗೆ ಯಾವ ಉಪಕಾರವನ್ನೂ ಮಾಡದೆ ನೇರವಾಗಿ ನೀರಿಗೆ ಹೋಗುತ್ತಿದೆ.

ರಸ್ತೆಯ ಮೇಲಿನ ಹಿಮವನ್ನೆಲ್ಲ ಕರಗಿಸಲು ಉಪ್ಪು ಹಾಕುತ್ತಾರೆ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ಉಪ್ಪಿನ ನಿಜವಾದ ಕೆಲಸ ಬೇರೆ. ಅದು ಮಂಜುಗಡ್ಡೆ ಡಾಂಬರಿಗೆ ಅಂಟಿಕೊಳ್ಳದಂತೆ ತಡೆಯಬೇಕು, ಅಂಟಿದ್ದರೆ ಆ ಹಿಡಿತವನ್ನು ಬಿಡಿಸಬೇಕು. ಬಿಟ್ಟುಕೊಂಡ ಹಿಮವನ್ನು ಪಕ್ಕಕ್ಕೆ ತಳ್ಳುವುದು ಹಿಮ ಬಾಚುವ ಲಾರಿಯ ಅಲಗಿನ ಕೆಲಸ. ದಪ್ಪ ಹಿಮದ ಮೇಲೆ ಉಪ್ಪು ಸುರಿದು, ಬಳಿಕ ಲಾರಿ ಬಂದು ಆ ಹಿಮವನ್ನು ಉಪ್ಪಿನ ಸಮೇತ ಬಾಚಿ ಹಳ್ಳಕ್ಕೆ ತಳ್ಳಿದರೆ ಹಣವೂ ಹೋಯಿತು, ನೀರೂ ಕೆಟ್ಟಿತು. ಆದ್ದರಿಂದ ಮೊದಲು ಬಾಚಬೇಕು, ಆಮೇಲೆ ಉಪ್ಪು ಹಾಕಬೇಕು.

ಎರಡನೆಯದು ಉಷ್ಣಾಂಶ. ಇಲ್ಲಿ ಗಾಳಿಯ ಉಷ್ಣಾಂಶ ಮುಖ್ಯವಲ್ಲ, ರಸ್ತೆಯ ಮೈಯ ಉಷ್ಣಾಂಶ ಮುಖ್ಯ. ಲಾರಿಗೆ ಅಳವಡಿಸಿದ ಅವಗೆಂಪು ಸಂವೇದಕ ಅದನ್ನು ಚಾಲಕನಿಗೆ ಕ್ಷಣಕ್ಷಣವೂ ತೋರಿಸುತ್ತದೆ. ರಸ್ತೆ ಮೈನಸ್ 1 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಒಂದು ಕಿಲೋ ಉಪ್ಪು ಸುಮಾರು 46 ಕಿಲೋ ಮಂಜುಗಡ್ಡೆಯನ್ನು ಕೆಲವೇ ನಿಮಿಷಗಳಲ್ಲಿ ಕರಗಿಸುತ್ತದೆ. ಅದೇ ಒಂದು ಕಿಲೋ ಮೈನಸ್ 9 ಡಿಗ್ರಿಯಲ್ಲಿ ಕರಗಿಸುವುದು ಸುಮಾರು 6 ಕಿಲೋ ಮಾತ್ರ, ಅದಕ್ಕೂ ಒಂದು ಗಂಟೆಯಷ್ಟು ಹೊತ್ತು ಬೇಕು. ಅದಕ್ಕಿಂತ ಕೆಳಗೆ ಸಾಮಾನ್ಯ ಉಪ್ಪು ಕಾರ್ಯತಃ ನಿಷ್ಪ್ರಯೋಜಕ. ಹಾಗಿದ್ದೂ ಕಡುಚಳಿಯ ದಿನಗಳಲ್ಲಿ ಉಪ್ಪು ಕೆಲಸ ಮಾಡುತ್ತಿಲ್ಲವೆಂದು ಇನ್ನಷ್ಟು, ಮತ್ತಷ್ಟು ಸುರಿಯುವ ಅಭ್ಯಾಸ ಹಲವು ಊರುಗಳಲ್ಲಿತ್ತು. ವಸಂತದಲ್ಲಿ ಹಿಮ ಕರಗಿದಾಗ ಅದಷ್ಟೂ ಒಟ್ಟಿಗೆ ತೊರೆಗೆ ಹರಿಯುತ್ತದೆ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹಾಕುವ ವೇಳೆ. ಹಿಮ ಬೀಳುವ ಮುನ್ನವೇ ಶೇ. 23ರಷ್ಟು ಉಪ್ಪು ಕರಗಿಸಿದ ನೀರನ್ನು ಟ್ಯಾಂಕರಿನಿಂದ ರಸ್ತೆಯ ಮೇಲೆ ಸಾಲುಸಾಲಾಗಿ ಬಿಡುತ್ತಾರೆ. ನೀರು ಆರಿದ ಮೇಲೆ ಡಾಂಬರಿನ ಮೇಲೆ ಬಿಳಿಯ ಗೆರೆಗಳು ಎಳೆದಂತೆ ಉಳಿಯುತ್ತವೆ; ನಿಮ್ಮ ಅಕ್ಕ ಅವನ್ನು ನೋಡಿರಬಹುದು. ಹಿಮ ಬಿದ್ದಾಗ ಆ ಗೆರೆಗಳು ಕರಗಿ ಹಿಮದ ತಳ ರಸ್ತೆಗೆ ಕಚ್ಚಿಕೊಳ್ಳುವುದನ್ನು ತಪ್ಪಿಸುತ್ತವೆ. ಕಚ್ಚಿಕೊಂಡ ಮೇಲೆ ಬಿಡಿಸಲು ಬೇಕಾಗುವ ಉಪ್ಪಿನ ಸುಮಾರು ನಾಲ್ಕನೇ ಒಂದು ಭಾಗದಲ್ಲಿಯೇ ಈ ಕೆಲಸ ಆಗಿಬಿಡುತ್ತದೆ.

ಒಣ ಹರಳುಪ್ಪು ಎರಚಿದಾಗ ಅದು ಡಾಂಬರಿಗೆ ಬಡಿದು ಪುಟಿಯುತ್ತದೆ, ಹಿಂದೆ ಬರುವ ವಾಹನಗಳ ಗಾಳಿಗೂ ಚದುರುತ್ತದೆ. ಹೀಗೆ ಸುಮಾರು ಶೇ. 30ರಷ್ಟು ರಸ್ತೆಯಿಂದಾಚೆಗೆ ಬೀಳುತ್ತದೆ ಎಂಬುದು ಅಲ್ಲಿನ ಚಾಲಕರ ತರಬೇತಿಯಲ್ಲಿ ಹೇಳಿಕೊಡುವ ಲೆಕ್ಕ. ಎರಚುವ ಮುನ್ನ ಹರಳಿಗೆ ಸ್ವಲ್ಪ ಉಪ್ಪುನೀರು ಚಿಮುಕಿಸಿ ಒದ್ದೆ ಮಾಡಿದರೆ ಅದು ಬಿದ್ದಲ್ಲೇ ಅಂಟಿ ನಿಲ್ಲುತ್ತದೆ, ಬೇಗನೆ ಕರಗಲೂ ತೊಡಗುತ್ತದೆ. ಇದರ ಜೊತೆಗೆ, ಎರಚುವ ಯಂತ್ರವನ್ನು ಪ್ರತಿ ಚಳಿಗಾಲದ ಆರಂಭದಲ್ಲಿ ತೂಕ ಮಾಡಿ ಸರಿಹೊಂದಿಸಬೇಕು: ಯಂತ್ರದ ಬಾಯಿಗೆ ಚೀಲ ಕಟ್ಟಿ, ನಿಗದಿತ ಸುತ್ತುಗಳಿಗೆ ಎಷ್ಟು ಉಪ್ಪು ಬಿತ್ತೆಂದು ತೂಗಿ ನೋಡಬೇಕು. ಹೀಗೆ ತೂಗದ ಲಾರಿಯ ಚಾಲಕನಿಗೆ ತಾನು ಎಷ್ಟು ಹಾಕುತ್ತಿದ್ದೇನೆ ಎಂಬುದು ತಿಳಿಯುವುದೇ ಇಲ್ಲ.

ಚಿಕ್ಕಬಳ್ಳಾಪುರದಿಂದ, ನೀರಿನ ಪರೀಕ್ಷೆಯ ಕೆಲಸದಲ್ಲಿರುವವಳು

ಶಿಕ್ಷಕರ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕ್ಲೋರೈಡ್ ತಾನಾಗಿ ತೊಲಗುವುದಿಲ್ಲ. ಸೂಕ್ಷ್ಮಾಣುಗಳು ಅದನ್ನು ತಿಂದು ಕರಗಿಸಲಾರವು, ಅದು ಆವಿಯಾಗಿ ಹೋಗುವುದಿಲ್ಲ, ಮಣ್ಣಿನ ಕಣಗಳೂ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಪ್ರದೇಶದಲ್ಲಿ ಹಾಕಿದ ಉಪ್ಪಿನಲ್ಲಿ ಸುಮಾರು ಶೇ. 70ರಷ್ಟು ನದಿಯ ಮೂಲಕ ಹೊರಗೆ ಹರಿದು ಹೋಗದೆ, ಅಲ್ಲಿನ ಕೆರೆ, ಮಣ್ಣು ಮತ್ತು ಅಂತರ್ಜಲದಲ್ಲೇ ಉಳಿಯುತ್ತದೆ ಎಂದು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜು ಮಾಡಿದ್ದಾರೆ.

ಪ್ರಮಾಣವನ್ನು ನಮ್ಮ ಜಿಲ್ಲೆಯವರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತರುವ 20 ಲೀಟರಿನ ಒಂದು ಕ್ಯಾನಿಗೆ ಒಂದು ತುಂಬು ಟೀ ಚಮಚ ಉಪ್ಪು ಹಾಕಿದರೆ ಸಾಕು, ಸಿಹಿನೀರಿನ ಜೀವಿಗಳಿಗೆ ದೀರ್ಘಕಾಲದಲ್ಲಿ ಹಾನಿ ಮಾಡುವ ಮಟ್ಟಕ್ಕೆ ಕ್ಲೋರೈಡ್ ತಲುಪುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಆ ಮಟ್ಟವನ್ನು ಲೀಟರಿಗೆ 230 ಮಿಲಿಗ್ರಾಂ ಎಂದೂ, ಅಲ್ಪ ಅವಧಿಯಲ್ಲೇ ಅಪಾಯ ತರುವ ಮಟ್ಟವನ್ನು 860 ಮಿಲಿಗ್ರಾಂ ಎಂದೂ ಗೊತ್ತುಪಡಿಸಿತು. ಉಪ್ಪುನೀರು ಭಾರವಾದದ್ದರಿಂದ ಕೆರೆಯ ತಳಕ್ಕೆ ಇಳಿದು ಕೂರುತ್ತದೆ. ಆಗ ವಸಂತದಲ್ಲಿ ಮೇಲಿನ ನೀರು ಕೆಳಗೂ ಕೆಳಗಿನದು ಮೇಲಕ್ಕೂ ಕಲೆಯುವ ಸಹಜ ಕ್ರಿಯೆಗೆ ತಡೆಯಾಗಿ, ತಳದ ಮೀನುಗಳಿಗೆ ಆಮ್ಲಜನಕ ತಲುಪುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಊರಿನ ಮಿರರ್ ಲೇಕ್ ಎಂಬ ಸರೋವರದಲ್ಲಿ ಇದು ದಾಖಲಾಗಿದೆ.

ಕುಡಿಯುವ ನೀರಿನ ಮಾತಿಗೆ ಬಂದರೆ, ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನಕ ಕ್ಲೋರೈಡಿಗೆ ಲೀಟರಿಗೆ 250 ಮಿಲಿಗ್ರಾಂ ಮಿತಿ ಹೇಳುತ್ತದೆ; ಬೇರೆ ನೀರಿನ ಮೂಲ ಇಲ್ಲದಿದ್ದಾಗ ಮಾತ್ರ 1000ದವರೆಗೆ ಒಪ್ಪುತ್ತದೆ. ಅಮೆರಿಕದಲ್ಲೂ ರುಚಿಯ ಆಧಾರದ ಮೇಲೆ 250 ಮಿಲಿಗ್ರಾಂ ಎಂಬ ಸಲಹಾ ಮಿತಿ ಇದೆ. ಆದ್ದರಿಂದ 190 ಎಂಬ ಅಂಕಿ ಇಂದೇ ಗಾಬರಿಪಡುವಂಥದಲ್ಲ, ಏರುತ್ತಿರುವ ರೀತಿ ಮಾತ್ರ ಚಿಂತೆಯದು. ಮನೆಯಲ್ಲಿ ರಕ್ತದೊತ್ತಡದವರು ಇದ್ದರೆ ಸೋಡಿಯಂ ಪ್ರಮಾಣವನ್ನೂ ಪರೀಕ್ಷೆ ಮಾಡಿಸಬೇಕು. ಮನೆಯ ಕೊಳವೆಗಳು ಹಳೆಯವಾಗಿದ್ದರೆ ಸೀಸವನ್ನೂ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಕ್ಲೋರೈಡ್ ಹೆಚ್ಚಿದ ನೀರು ಲೋಹವನ್ನು ಕೊರೆಯುತ್ತದೆ. 2014ರಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನದಿನೀರು ಕೊಳವೆಗಳಿಂದ ಸೀಸವನ್ನು ಬಿಡಿಸಿದ್ದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು.

ಆರ್‌ಒ ಯಂತ್ರ ಹಾಕಿಸಿದರೆ ಆಯಿತಲ್ಲ ಎಂದು ಯಾರಾದರೂ ಹೇಳಬಹುದು. ಫ್ಲೋರೈಡಿನ ಕಾರಣದಿಂದ ನಮ್ಮ ಹಳ್ಳಿಹಳ್ಳಿಗೂ ಆರ್‌ಒ ಘಟಕಗಳು ಬಂದಿವೆ. ಆ ಘಟಕದ ಹಿಂಬದಿಯ ಪೈಪಿನಿಂದ ಹಗಲಿಡೀ ಮೋರಿಗೆ ಸುರಿಯುವ ವೇಸ್ಟ್ ನೀರನ್ನು ನೋಡಿದವರಿಗೆ, ಲವಣ ಅಲ್ಲಿ ಇಲ್ಲವಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ನೆಲಕ್ಕೇ ಮರಳುತ್ತದೆ ಎಂಬುದು ಗೊತ್ತು. ನೀರಿಗೆ ಸೇರುವ ಮುನ್ನವೇ ತಡೆಯುವುದು ಬಿಟ್ಟು ಕ್ಲೋರೈಡಿಗೆ ಅಗ್ಗವಾದ ಬೇರೆ ಉಪಾಯ ಇಲ್ಲ.

ಮುಳಬಾಗಿಲಿನವನು, ಈಗ ಮಾಂಟ್ರಿಯಲ್

ನಾನು ಲಾರಿ ಚಾಲಕ. ನೀರಿನ ವಿಷಯದಲ್ಲಿ ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಸಭೆಯಲ್ಲಿ ಆ ತಂದೆ ತಾಯಂದಿರು ಪಟ್ಟ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಕೆಳಗೆ ನೆಲದ ಕಾವು ಇಲ್ಲದ ಕಾರಣ ಸೇತುವೆಯ ಮೇಲಿನ ರಸ್ತೆ ಉಳಿದೆಲ್ಲ ಕಡೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ, ಆ ತೆಳು ಗಡ್ಡೆ ಕಣ್ಣಿಗೆ ಕಾಣುವುದಿಲ್ಲ. ಸೇತುವೆ, ಇಳಿಜಾರು, ತಿರುವು, ಶಾಲೆ ಮತ್ತು ಆಸ್ಪತ್ರೆಯ ದಾರಿ, ಇಲ್ಲೆಲ್ಲ ಉಪ್ಪು ಸಕಾಲಕ್ಕೆ ಬೀಳಲೇಬೇಕು. ಸಂಚಾರ ಕಡಿಮೆಯಿರುವ ಸಮತಟ್ಟಾದ ಒಳರಸ್ತೆಗಳಲ್ಲಿ ಬಾಚಿ ಬಿಟ್ಟರೂ ನಿಧಾನವಾಗಿ ಹೋಗಬಹುದು.

ಇನ್ನೊಂದು ಮಾತು ಇಲ್ಲಿ ಸೇರಬೇಕು. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟಯರು ಕಡ್ಡಾಯ. ಸಾಮಾನ್ಯ ಟಯರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ವಾಹನಕ್ಕೆ ತಕ್ಕ ಟಯರು ಇರದೆ, ವೇಗವನ್ನೂ ತಗ್ಗಿಸದೆ, ಬೇಸಿಗೆಯಂಥ ಕಪ್ಪು ರಸ್ತೆಯೇ ಬೇಕೆಂದು ಎಲ್ಲರೂ ಕೇಳುತ್ತ ಹೋದರೆ ಉಪ್ಪಿನ ಲಾರಿಯವನು ಏನು ಮಾಡಬಲ್ಲ?

ಚಿಂತಾಮಣಿಯ ಶಿಕ್ಷಕ

ಮೂವರಿಗೂ ಕೃತಜ್ಞತೆಗಳು. ಅಕ್ಕನಿಗೆ ಇದನ್ನೆಲ್ಲ ಕಳುಹಿಸಿದ್ದೇನೆ. ಅವಳು ಎರಡು ವಿಷಯ ಕೇಳುತ್ತಿದ್ದಾಳೆ. ಉಪ್ಪಿನ ಬದಲು ಮರಳನ್ನೋ, ಬೀಟ್ ರಸವನ್ನೋ ಬಳಸಬಹುದೆಂದು ಸಭೆಯಲ್ಲಿ ಕೆಲವರು ಹೇಳಿದರಂತೆ, ಅದು ಸರಿಯೇ? ಮುಂದಿನ ಸಭೆಯಲ್ಲಿ ಅವಳು ಏನನ್ನು ಕೇಳಬೇಕು?

ಮಾಲೂರಿನ ನಿವೃತ್ತ ಎಂಜಿನಿಯರ್

ಮರಳು ಹಿಮವನ್ನು ಕರಗಿಸುವುದಿಲ್ಲ, ಹಿಡಿತ ಮಾತ್ರ ಕೊಡುತ್ತದೆ; ಉಪ್ಪು ಕೆಲಸ ಮಾಡದ ಕಡುಚಳಿಯಲ್ಲಿ, ನಿಧಾನವಾಗಿ ವಾಹನ ಸಾಗುವ ತಿರುವುಗಳಲ್ಲಿ ಅದು ಉಪಯುಕ್ತ. ಚಳಿಗಾಲದ ಬಳಿಕ ಗುಡಿಸಿ ತೆಗೆಯದಿದ್ದರೆ ಚರಂಡಿ ಕಟ್ಟಿಕೊಂಡು ತೊರೆಯ ತಳದಲ್ಲಿ ಹೂಳು ತುಂಬುತ್ತದೆ. ಬೀಟ್ ರಸವನ್ನು ಉಪ್ಪುನೀರಿಗೆ ಬೆರೆಸಿದರೆ ಉಪ್ಪು ರಸ್ತೆಗೆ ಚೆನ್ನಾಗಿ ಅಂಟುತ್ತದೆ ಎಂಬುದು ನಿಜ, ಆದರೆ ಅದು ಸಾವಯವ ವಸ್ತು. ನೀರಿಗೆ ಸೇರಿ ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಹೆಚ್ಚಿನ ಚಳಿಯಲ್ಲೂ ಕೆಲಸ ಮಾಡುತ್ತವೆ, ಅವುಗಳಲ್ಲಿಯೂ ಇರುವುದು ಕ್ಲೋರೈಡೇ. ಹೀಗಾಗಿ ಬದಲಿ ವಸ್ತುವನ್ನು ಹುಡುಕುವುದಕ್ಕಿಂತ ಅಳತೆಯನ್ನು ಸರಿಪಡಿಸುವುದೇ ಹೆಚ್ಚು ಫಲ ಕೊಡುತ್ತದೆ.

ಸಭೆಯಲ್ಲಿ ಉಪ್ಪು ಬೇಕೇ ಬೇಡವೇ ಎಂದು ವಾದಿಸಬಾರದೆಂದು ಅಕ್ಕನವರಿಗೆ ತಿಳಿಸಿ. ಪ್ರತಿ ಹಿಮಪಾತದಲ್ಲಿ ಒಂದು ಮೈಲಿ ಲೇನಿಗೆ ಎಷ್ಟು ಉಪ್ಪು ಬಿತ್ತೆಂದು ದಾಖಲೆ ಇಡುತ್ತಾರೆಯೇ, ಲಾರಿಗಳಲ್ಲಿ ರಸ್ತೆಯ ಉಷ್ಣಾಂಶ ಅಳೆಯುವ ಸಂವೇದಕ ಇದೆಯೇ, ಯಂತ್ರಗಳನ್ನು ಕೊನೆಯ ಬಾರಿ ತೂಗಿ ನೋಡಿದ್ದು ಯಾವಾಗ, ಚಾಲಕರು ಮಿನ್ನೆಸೋಟ ಮಾಲಿನ್ಯ ನಿಯಂತ್ರಣ ಸಂಸ್ಥೆಯ ಸ್ಮಾರ್ಟ್ ಸಾಲ್ಟಿಂಗ್ ತರಬೇತಿ ಪಡೆದಿದ್ದಾರೆಯೇ, ಉಪ್ಪಿನ ರಾಶಿಗೆ ಸೂರು ಮತ್ತು ನೀರು ಇಂಗದ ನೆಲಗಟ್ಟು ಇದೆಯೇ ಎಂದು ಕೇಳಲಿ. ಈ ಪ್ರಶ್ನೆಗಳಿಗೆ ಆ ತಂದೆ ತಾಯಂದಿರೂ ದನಿಗೂಡಿಸಬಲ್ಲರು, ಏಕೆಂದರೆ ಅಳೆದು ಸಕಾಲಕ್ಕೆ ಹಾಕಿದ ಉಪ್ಪಿನಿಂದ ಅವರ ಮಕ್ಕಳ ಬಸ್ಸಿಗೂ ಒಳ್ಳೆಯದಾಗುತ್ತದೆ.

ಅಂಗಡಿ, ಕಚೇರಿಗಳ ವಾಹನ ನಿಲುಗಡೆ ಜಾಗಗಳನ್ನು ಮರೆಯಬಾರದು. ಯಾರಾದರೂ ಜಾರಿ ಬಿದ್ದು ದಾವೆ ಹೂಡಿದರೆ ಎಂಬ ಭಯದಿಂದ ಖಾಸಗಿ ಗುತ್ತಿಗೆದಾರರು ಹರಳುಗಳ ಮೇಲೆ ಹರಳು ಕೂರುವಷ್ಟು ಸುರಿಯುತ್ತಾರೆ. ನ್ಯೂ ಹ್ಯಾಂಪ್‌ಶೈರ್, 1938ರಲ್ಲಿ ರಸ್ತೆಗೆ ಉಪ್ಪನ್ನು ಪ್ರಾಯೋಗಿಕವಾಗಿ ಬಳಸಿದ ರಾಜ್ಯ, ತರಬೇತಿ ಪಡೆದು ಪ್ರಮಾಣಪತ್ರ ಹೊಂದಿ ಲೆಕ್ಕ ಇಡುವ ಗುತ್ತಿಗೆದಾರರಿಗೆ ಇಂಥ ದಾವೆಗಳಿಂದ ಕಾನೂನಿನ ರಕ್ಷಣೆ ಕೊಟ್ಟಿದೆ. ಇತರ ರಾಜ್ಯಗಳೂ ಅನುಸರಿಸಬೇಕಾದ ದಾರಿ ಇದು ಎಂಬುದು ನನ್ನ ದೃಢ ಅಭಿಪ್ರಾಯ.

ಮನೆಯ ಮುಂದಿನ ದಾರಿಗೆ ಅವರು ಹಿಮ ಗಟ್ಟಿಯಾಗುವ ಮುನ್ನವೇ ಸಲಿಕೆಯಿಂದ ಎತ್ತಿಹಾಕಿ, ಒಂದು ಕಾಫಿ ಮಗ್ಗಿನಷ್ಟು ಉಪ್ಪನ್ನು ಕಾಲುದಾರಿಯ ಹತ್ತು ಕಾಂಕ್ರೀಟ್ ಚೌಕಗಳಿಗೆ ಹರಡಿದರೆ ಸಾಕು; ಹರಳು ಹರಳಿನ ನಡುವೆ ಮೂರು ಬೆರಳಿನಷ್ಟು ಅಂತರ ಕಾಣಬೇಕು. ಗಡ್ಡೆ ಕರಗಿದ ಮೇಲೆ ಉಳಿದ ಹರಳನ್ನು ಗುಡಿಸಿಟ್ಟುಕೊಂಡು ಮತ್ತೆ ಬಳಸಬಹುದು.

ಕೊನೆಯದಾಗಿ, ಅವರ ಮನೆಯಲ್ಲಿ ಗಡಸು ನೀರಿಗೆ ಸಾಫ್ಟ್‌ನರ್ ಯಂತ್ರ ಇದೆಯೇ ಎಂದು ವಿಚಾರಿಸಿ. ಅದಕ್ಕೆ ಹಾಕುವ ಉಪ್ಪು ಸೆಪ್ಟಿಕ್ ಟ್ಯಾಂಕಿನ ಮೂಲಕ ಅದೇ ಬಾವಿಯ ಸುತ್ತಲಿನ ನೆಲಕ್ಕೆ ಇಳಿಯುತ್ತಿರಬಹುದು. ಇದ್ದರೆ ಬೇಡಿಕೆಗೆ ತಕ್ಕಂತೆ ಮಾತ್ರ ಉಪ್ಪು ಬಳಸುವ ಮಾದರಿಗೆ ಅದನ್ನು ಬದಲಿಸಿ, ಮುಂದಿನ ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಬಾವಿ ನೀರನ್ನು ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲಿ. ಆ ಎರಡು ವರದಿಗಳನ್ನು ಕೈಯಲ್ಲಿ ಹಿಡಿದು ಸಭೆಗೆ ಹೋದರೆ ಅವರ ಮಾತಿಗೆ ತೂಕ ಬರುತ್ತದೆ.