ಅಸೋಸಿಯೇಟ್ ವಕೀಲರ ಪರಿಚಯದಲ್ಲಿ ಏನು ನೋಡಬೇಕು?

ಪ್ರಶ್ನೆ:
ನಮಗೆ ಫ್ಲ್ಯಾಟ್ ಹಸ್ತಾಂತರಿಸಬೇಕಾಗಿದ್ದ ಗಡುವು ಮುಗಿದು ಎರಡು ವರ್ಷವಾಯಿತು. ಬಿಲ್ಡರ್ ವಿರುದ್ಧ ದೂರು ಕೊಡಲು ಒಂದು ಕಾನೂನು ಸಂಸ್ಥೆಯನ್ನು ಸಂಪರ್ಕಿಸಿದ್ದೇವೆ. ಪ್ರಕರಣ ನೋಡಿಕೊಳ್ಳಲಿರುವ ಅಸೋಸಿಯೇಟ್ (ಸಂಸ್ಥೆಯ ಕಿರಿಯ ವಕೀಲರು) ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಓದಿದವರು, 2019ರಲ್ಲಿ ನೋಂದಣಿಯಾಗಿದೆ. ಪರಿಚಯದಲ್ಲಿ ಕೊಟ್ಟ ಅವರ ಕ್ಷೇತ್ರಗಳು: ಸಿವಿಲ್ ವ್ಯಾಜ್ಯ, ಆರ್ಬಿಟ್ರೇಷನ್ (ನ್ಯಾಯಾಲಯದ ಹೊರಗೆ ಪಂಚರ ಮುಂದೆ ವಿವಾದ ತೀರ್ಮಾನ), ದಿವಾಳಿತನ, ರಿಯಲ್ ಎಸ್ಟೇಟ್, ಕಂಪನಿ ಕಾನೂನು. ಇಷ್ಟರಲ್ಲೂ ಒಬ್ಬರ ಕೈ ಪಳಗಿರಲು ಸಾಧ್ಯವೇ?

ಮೊದಲ ಉತ್ತರ:
ನಾನು ಇಂಥದೇ ಸಂಸ್ಥೆಯಲ್ಲಿ ಅಸೋಸಿಯೇಟ್ ಆಗಿದ್ದವಳು, ಈಗ ಸ್ವತಂತ್ರವಾಗಿ ವಕೀಲಿ ಮಾಡುತ್ತಿದ್ದೇನೆ. ಆ ಪಟ್ಟಿ ಸುಳ್ಳಿರಲಾರದು. ಹಿರಿಯರು ಮೇಜಿನ ಮೇಲಿಟ್ಟ ಕಡತವನ್ನೆಲ್ಲ ಕಿರಿಯರು ನೋಡಲೇಬೇಕು. ಬೆಳಿಗ್ಗೆ ವಾಣಿಜ್ಯ ನ್ಯಾಯಾಲಯಕ್ಕೆ ಲಿಖಿತ ಹೇಳಿಕೆ, ಸಂಜೆ ಷೇರು ಖರೀದಿ ಒಪ್ಪಂದ. ಆದರೆ ಕರಡು ಬರೆದುಕೊಟ್ಟವರೆಲ್ಲ ಪ್ರಕರಣ ನಡೆಸಿದವರಲ್ಲ. ಪರಿಚಯದಲ್ಲಿ ಗೆದ್ದ ಪ್ರಕರಣಗಳ ಸುದ್ದಿಯೇ ಇಲ್ಲವೆಂದು ಅನುಮಾನಿಸಬೇಡಿ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ವಕೀಲರಿಗೆ ಜಾಹೀರಾತನ್ನು ನಿಷೇಧಿಸಿದೆ. 2008ರ ತಿದ್ದುಪಡಿಯ ನಂತರ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಕ್ಷೇತ್ರಗಳಂಥ ವಿವರ ಹಾಕಬಹುದು, ಅಷ್ಟೇ.

ಉಳಿದದ್ದನ್ನು ಎದುರು ಕುಳಿತು ಕೇಳಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 31ನೇ ಸೆಕ್ಷನ್ ಅಡಿ ದೂರನ್ನು ಸ್ವತಃ ಬರೆದು, ತಾವೇ ವಾದಿಸಿದ್ದಾರೆಯೇ? ಅದಕ್ಕಿಂತ ಮುಖ್ಯವಾಗಿ, ಆದೇಶ ಬಂದ ಮೇಲೆ ಹಣ ಕೈಗೆ ಬರುವಂತೆ ಮಾಡಿದ್ದಾರೆಯೇ? ಬಿಲ್ಡರ್ ಕೊಡದಿದ್ದರೆ 40ನೇ ಸೆಕ್ಷನ್ ಪ್ರಕಾರ ಭೂಕಂದಾಯದ ಬಾಕಿಯಂತೆ ವಸೂಲಿಯಾಗಬೇಕು. ಕಡತ ಕಂದಾಯ ಇಲಾಖೆಗೆ ಹೋಗುತ್ತದೆ. ಅಲ್ಲಿ ಬಿಲ್ಡರ್‌ನ ಆಸ್ತಿ ಎಲ್ಲಿದೆ, ಯಾವ ಬ್ಯಾಂಕಿಗೆ ಅಡವಾಗಿದೆ ಎಂಬುದನ್ನು ಹುಡುಕಿ ಕೊಡುವ ವಕೀಲರು ನಿಮಗೆ ಬೇಕು. ಬಿಲ್ಡರ್ ಮೇಲ್ಮನವಿ ಹೂಡಿದರೆ ನಿಮಗೆ ಸಲ್ಲಬೇಕಾದ ಮೊತ್ತವನ್ನು ಬಡ್ಡಿಸಮೇತ ಮೊದಲೇ ಠೇವಣಿ ಇಡಬೇಕು. ಈ ಮಾತು ಅವರ ಬಾಯಿಂದಲೇ ಬಂದರೆ ಧೈರ್ಯವಾಗಿ ಮುಂದುವರಿಯಿರಿ.

ಎರಡನೇ ಉತ್ತರ:
'ದಿವಾಳಿತನ' ಎಂದಿರುವುದನ್ನು ಕಂಡು ಆ ದಾರಿ ಹಿಡಿಯಬೇಡಿ. ದಿವಾಳಿ ಸಂಹಿತೆಯ 2020ರ ತಿದ್ದುಪಡಿಯ ನಂತರ ಒಬ್ಬರೇ ಖರೀದಿದಾರರು ಬಿಲ್ಡರ್ ವಿರುದ್ಧ ದಿವಾಳಿ ಅರ್ಜಿ ಹಾಕುವಂತಿಲ್ಲ. ಒಂದೇ ಯೋಜನೆಯ 100 ಮಂದಿ ಅಥವಾ ಒಟ್ಟು ಖರೀದಿದಾರರ ಶೇ 10ರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕು. ಆದರೆ ಬೇರೆ ಯಾರಾದರೂ ಆ ಕಂಪನಿಯನ್ನು ಈಗಾಗಲೇ ದಿವಾಳಿ ಅರ್ಜಿಗಳನ್ನು ನೋಡುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಎಳೆದಿದ್ದಾರೆಯೇ ಎಂದು ಮೊದಲು ನೋಡಿ. ಪ್ರಕ್ರಿಯೆ ಶುರುವಾಗಿದ್ದರೆ ರೇರಾ ದೂರಿಗೂ ತಡೆ ಬೀಳುತ್ತದೆ.

ಪ್ರಶ್ನೆ ಕೇಳಿದವರು:
ನಮಗೆ ಮನೆ ಬೇಡ, ಹಣ ವಾಪಸ್ ಬಂದರೆ ಸಾಕು. ನಡುವೆ ಆ ಅಸೋಸಿಯೇಟ್ ಸಂಸ್ಥೆ ಬಿಟ್ಟರೆ?

ಮೊದಲ ಉತ್ತರ ಬರೆದವರು:
ಹಾಗಾಗುವುದು ಸಾಮಾನ್ಯ. ವಕಾಲತ್ತಿಗೆ (ವಕೀಲರಿಗೆ ಅಧಿಕಾರ ಕೊಡುವ ಪತ್ರ) ಸಹಿ ಹಾಕುವ ಮುನ್ನ ಅದರಲ್ಲಿ ಯಾರ ಯಾರ ಹೆಸರಿದೆ ಎಂದು ಓದಿ. ಅವರಲ್ಲದೆ ಸಂಸ್ಥೆಯ ಇನ್ನೊಬ್ಬರ ಹೆಸರೂ ಇರಲಿ. ಮೂಲ ಒಪ್ಪಂದ, ರಸೀದಿಗಳು ನಿಮ್ಮಲ್ಲೇ ಇರಲಿ, ಅವರಿಗೆ ಪ್ರತಿ ಕೊಡಿ. ಹಣ ವಾಪಸ್ ಬೇಕೆಂಬುದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಿ: ರೇರಾ ಕಾಯ್ದೆಯ 18ನೇ ಸೆಕ್ಷನ್ ಬಡ್ಡಿಸಮೇತ ಹಣ ಕೇಳುವ ಹಕ್ಕು ಕೊಡುತ್ತದೆ, ಮನೆಯೇ ಬೇಕೆಂದರೆ ವಿಳಂಬದ ಪ್ರತಿ ತಿಂಗಳಿಗೆ ಬಡ್ಡಿ. ದೂರಿನ ಕೋರಿಕೆ ಇದರ ಮೇಲೆಯೇ ನಿಲ್ಲುತ್ತದೆ.