ಆಸ್ಪತ್ರೆ ಖರ್ಚಿಗೆ 70 ಆಗೋವರೆಗೆ ಏನು ಮಾಡೋದು? ಅನುಭವ ಇದ್ದವರು ಹೇಳಿ

ನವನಗರ, ಹುಬ್ಬಳ್ಳಿ (ಕೇಳಿದವರು): ನನಗೆ 57. ತಾರಿಹಾಳದ ಫ್ಯಾಕ್ಟರಿ ಕೆಲಸ ಮಾರ್ಚ್‌ನಲ್ಲಿ ಬಿಟ್ಟೆ. ಕಂಪನಿ ಕೊಟ್ಟಿದ್ದ ವಿಮೆ ಅಲ್ಲಿಗೇ ಮುಗಿಯಿತು. ನಮ್ಮ ಮನೆಯವರಿಗೆ 53, ಶುಗರ್ ಇದೆ. ಕಾರ್ಡು ಎಪಿಎಲ್. 70 ದಾಟಿದವರಿಗೆ ಆದಾಯ ನೋಡದೆ 5 ಲಕ್ಷದವರೆಗೆ ಚಿಕಿತ್ಸೆ ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಯ ವಂದನ ಕಾರ್ಡ್ ಶುರು ಮಾಡಿತು. ನನಗೆ ಅದಕ್ಕೆ ಇನ್ನೂ 13 ವರ್ಷ. ಅಲ್ಲಿವರೆಗೆ ಪ್ರೈವೇಟ್ ಪಾಲಿಸಿ ಮಾಡಿಸೋದಾ, ಸಹಕಾರ ಸಂಘದ ಸದಸ್ಯರಿಗೆ ಇರೋ ಯಶಸ್ವಿನಿ ಯೋಜನೆಗೆ ಹೋಗೋದಾ, ಎಪಿಎಲ್ ಕಾರ್ಡನ್ನೇ ನಂಬೋದಾ? ನೀವು ಏನು ಮಾಡಿದಿರಿ?

ವಿದ್ಯಾನಗರ: ನಾನು 56ಕ್ಕೆ ಪಾಲಿಸಿ ಮಾಡಿಸಿದೆ. ಗಂಡ ಹೆಂಡತಿಗೆ 5 ಲಕ್ಷದ್ದು. ಪ್ರೀಮಿಯಂ 38,000, ಅದರ ಮೇಲೆ ಜಿಎಸ್‌ಟಿ 6,840. ಒಟ್ಟು 44,840. ಹದಿನಾಲ್ಕನೇ ತಿಂಗಳಿಗೆ ನನಗೆ ಪಿತ್ತಕೋಶದಲ್ಲಿ ಕಲ್ಲು. ರಾತ್ರಿ ಎರಡು ಗಂಟೆಗೆ ಅಡ್ಮಿಟ್. ಕಲ್ಲಿಗೆ ವೇಟಿಂಗ್ ಇದೆ, ಪಾಲಿಸಿ ಮಾಡಿಸಿ ಎರಡು ವರ್ಷ ಆಗಬೇಕು ಅಂತ ಕ್ಲೇಮ್ ವಾಪಸ್ ಬಂತು. ಪಾಲಿಸಿ ಮಾಡಿಸಿದವರು ಆ ಮಾತು ಒಂದು ಸಲವೂ ಹೇಳಿರಲಿಲ್ಲ. ಕೈಯಿಂದ 86,300 ಕಟ್ಟಿದೆ. ಅದರಲ್ಲಿ ಗ್ಲೌಸು, ಸಿರಿಂಜು, ಕಾಟನ್ ಅಂತಲೇ 7,150. ಬಿಲ್ಲು ಇನ್ನೂ ಇಟ್ಟುಕೊಂಡಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ತೆಗೆದರು ಅಂತ ಖುಷಿಪಟ್ಟೆ. ರಿನೀವಲ್ ಬಂದಾಗ ಪ್ರೀಮಿಯಂ 46,500 ಆಗಿತ್ತು. ಆದರೂ ಕಟ್ಟಿದ್ದೇನೆ. ಈಗ ಬಿಟ್ಟರೆ ಕಳೆದ ವರ್ಷಗಳ ವೇಟಿಂಗ್ ಎಲ್ಲ ನೀರಲ್ಲಿ ಹೋಮ.

ಗದಗ ತಾಲೂಕು: ಯಶಸ್ವಿನಿ ಮಾಡಿಸಿರಿ, ಕಣ್ಣು ಮುಚ್ಚಿಕೊಂಡು. ನಾವು ಹಳ್ಳಿಯವರು. ನಾಲ್ಕು ಜನರ ಮನೆಗೆ ವರ್ಷಕ್ಕೆ 500 ರೂಪಾಯಿ, ಮೇಲಿನ ಒಬ್ಬೊಬ್ಬರಿಗೆ ನೂರು. ನನ್ನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಧಾರವಾಡದಲ್ಲಿ ಆಯಿತು. ಆಪರೇಷನ್ನಿಗೆ ಒಂದು ರೂಪಾಯಿ ಕೇಳಲಿಲ್ಲ. ಮುಂಚಿನ ಸ್ಕ್ಯಾನು, ರಕ್ತ ಪರೀಕ್ಷೆಗೆ 4,200, ಬಸ್ಸು, ಊಟ ಸೇರಿ 2,600. ಅಷ್ಟೇ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಕಣಗಿನಹಾಳದಲ್ಲಿ. ಸೊಸೈಟಿ ಅಂದರೆ ನಮಗೆ ಮನೆ ಇದ್ದಂಗೆ. ಒಂದೇ ಸಿಟ್ಟು. 2018ರಲ್ಲಿ ಯಶಸ್ವಿನಿಯನ್ನು ರಾಜ್ಯ ಸರ್ಕಾರದ ಇನ್ನೊಂದು ಯೋಜನೆ ಆರೋಗ್ಯ ಕರ್ನಾಟಕದೊಳಗೆ ಸೇರಿಸಿಬಿಟ್ಟರು. ಆ ನಡುವೆ ನಮ್ಮಪ್ಪನ ಆಪರೇಷನ್ ಬಂತು. 1,10,000. ಎರಡು ಎಮ್ಮೆ ಮಾರಿದೆವು, ಕರೆಯೋ ಎಮ್ಮೆ. 2023ರಲ್ಲಿ ಯೋಜನೆ ಮತ್ತೆ ಶುರುವಾಯಿತು. ಎಮ್ಮೆ ವಾಪಸ್ ಬರಲಿಲ್ಲ.

ಉಣಕಲ್: ಅಣ್ಣಾರ, ಅವರ ಮನೆಯವರಿಗೆ ಶುಗರ್ ಅಂತ ಬರೆದಿದ್ದಾರೆ. ದಿನದ ಮಾತ್ರೆಗೆ ಯಶಸ್ವಿನಿ ಬರುತ್ತಾ? ಇಲ್ಲ. ಎಪಿಎಲ್ ಕಾರ್ಡಿನ ಕಥೆ ನಾನು ಹೇಳುತ್ತೇನೆ, ಕೇಳಿ. ನಮ್ಮದು ಮೊದಲು ಬಿಪಿಎಲ್ ಇತ್ತು. ಮಗ ಬೈಕ್ ಸಾಲಕ್ಕೆ ಅಂತ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದ. ಕಾರ್ಡು ಎಪಿಎಲ್ ಆಯಿತು. ನಾಲ್ಕು ತಿಂಗಳಿಗೆ ಯಜಮಾನರಿಗೆ ಹಾರ್ಟ್ ಅಟ್ಯಾಕ್. ಅವರಿಗೆ ಆಗ 54. ಎರಡು ಸ್ಟೆಂಟು, ಬಿಲ್ಲು 1,72,000. ಎಪಿಎಲ್‌ನವರಿಗೆ ಸರ್ಕಾರ 30 ಪರ್ಸೆಂಟ್ ಕೊಡುತ್ತೆ ಅಂತ ಗೊತ್ತಿತ್ತು. ಬಿಲ್ಲಿನ ಮೇಲೆ ಅಂದುಕೊಂಡು 51,600 ಲೆಕ್ಕ ಹಿಡಿದು ಸಾಲ ಕಡಿಮೆ ತೆಗೆದೆ. ಅದು ಬಿಲ್ಲಿನ ಮೇಲಲ್ಲ, ಒಂದೊಂದು ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮೇಲೆ. ನನ್ನ ಲೆಕ್ಕದ ಅರ್ಧವೂ ಬರಲಿಲ್ಲ. ಸಂಜೆ ಆರಕ್ಕೆ ಡಿಸ್ಚಾರ್ಜ್ ಅಂದರು. ಐದಕ್ಕೆ ಕಿವಿಯೋಲೆ ಅಡ ಇಟ್ಟು ಬಂದೆ. ಸ್ಟೆಂಟಿನ ದರಕ್ಕೆ 2017ರಲ್ಲೇ ಮಿತಿ ಹಾಕಿದ್ದಾರೆ, ಸರಿ. ಉಳಿದ ಚಾರ್ಜಿಗೆ? 70 ಆಗಲಿ ಅಂತ ರೋಗ ಕಾಯುತ್ತಾ? ಈ ವಯಸ್ಸಿನ ಮಿತಿಯನ್ನು 50ಕ್ಕೆ ಇಳಿಸಲೇಬೇಕು.

ಬ್ಯಾಡಗಿ: 50ಕ್ಕೆ ಇಳಿಸಿ, ಎಪಿಎಲ್‌ನವರೆಲ್ಲ ಬನ್ನಿ. ನಾವು ಎಲ್ಲಿ ಹೋಗೋದು? ನಾನು ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. ಬಿಪಿಎಲ್. ನಮಗೆ 5 ಲಕ್ಷ ಪೂರ್ತಿ ಇದೆ, ಕಾಗದದ ಮೇಲೆ. ಅಪ್ಪನ ಚಪ್ಪೆ ಮೂಳೆ ಆಪರೇಷನ್ನಿಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಹಿಡಿದು ಹುಬ್ಬಳ್ಳಿಗೆ ಮೂರು ಸಲ ಬಂದೆ. ಒಂದು ಕಡೆ ಬೆಡ್ ಇಲ್ಲ. ಇನ್ನೊಂದು ಕಡೆ ಆ ಆಪರೇಷನ್ನಿಗೆ ತಮ್ಮಲ್ಲಿ ಕಾರ್ಡ್ ನಡೆಯಲ್ಲ ಅಂದರು. ಕಾರು ಮಾಡಿಕೊಂಡು ಬರೋಕೆ 3,500, ಮೂರು ಸಲಕ್ಕೆ 10,500. ಸೀಸನ್ನಿನಲ್ಲಿ ಒಂಬತ್ತು ದಿನದ ಕೂಲಿ ಹೋಯಿತು. ಆಪರೇಷನ್ ಕೊನೆಗೆ ಫ್ರೀ ಆಯಿತು, ಸುಳ್ಳು ಹೇಳಲ್ಲ. ಬೈಕ್ ಸಾಲ ತೆಗೆಯುವವರು ಬಡವರ ಸಾಲಿನಲ್ಲಿ ನಿಲ್ಲೋದು ಸರಿಯಲ್ಲ.

ಉಣಕಲ್: ಬೈಕ್ ಇದ್ದರೆ ಶ್ರೀಮಂತರಾ? ಬಿಪಿಎಲ್ ಮಿತಿ ವರ್ಷಕ್ಕೆ 1.2 ಲಕ್ಷ. ತಿಂಗಳಿಗೆ ಹತ್ತು ಸಾವಿರ. ಹುಬ್ಬಳ್ಳಿಯಲ್ಲಿ ಹತ್ತು ಸಾವಿರದ ಮೇಲೆ ನೂರು ರೂಪಾಯಿ ಬಂದರೆ ಹಾರ್ಟ್ ಆಪರೇಷನ್ ಮಾಡಿಸುವ ತಾಕತ್ತು ಬರುತ್ತಾ? ನನ್ನ ಓಲೆ ಇನ್ನೂ ಬಿಡಿಸಿಲ್ಲ. ನೋಡಿ ಮಾತಾಡಿ.

ವಿದ್ಯಾನಗರ: ಟ್ಯಾಕ್ಸ್ ಕಟ್ಟೋದು ನಾವು. ಸಾಲಿನಲ್ಲಿ ನಿಲ್ಲಬೇಡಿ ಅಂದರೆ ಹೇಗೆ?

ಬ್ಯಾಡಗಿ: ನಾನು ಸೋಪು ತಗೊಂಡರೂ ಟ್ಯಾಕ್ಸೇ ಸರ. ನೀವೊಬ್ಬರೇ ಕಟ್ಟುತ್ತೀರಾ?

ಗೋಕುಲ ರಸ್ತೆ: ಜಗಳ ಆಮೇಲೆ ಮಾಡಿ. ಸಂಬಳದಲ್ಲಿ ಕಟ್ ಆಗೋ ಕಾರ್ಮಿಕರ ವಿಮೆ, ಇಎಸ್‌ಐ, ಅದರ ಮಾತು ಯಾರೂ ಎತ್ತಲಿಲ್ಲವಲ್ಲ! ನಾನು 22 ವರ್ಷ ಇಎಸ್‌ಐ ಕಟ್ಟಿ 58ಕ್ಕೆ ರಿಟೈರ್ ಆದೆ. ಈಗ ವರ್ಷಕ್ಕೆ 120 ರೂಪಾಯಿ ಕಟ್ಟುತ್ತೇನೆ. ನನಗೂ ನಮ್ಮ ಮನೆಯವರಿಗೂ ಡಾಕ್ಟರು, ಬಿಪಿ ಮಾತ್ರೆ, ಶುಗರ್ ಮಾತ್ರೆ ಎಲ್ಲ ಸಿಗುತ್ತೆ. ನೂರಿಪ್ಪತ್ತು, ತಿಂಗಳಿಗಲ್ಲ, ವರ್ಷಕ್ಕೆ. ಕಡಿಮೆ ಅಂದರೆ ಐದು ವರ್ಷ ಇಎಸ್‌ಐ ಕಟ್ಟಿರಬೇಕು. ಇದು ಸುಮ್ನೆ ಕೈಗೆ ಬರಲಿಲ್ಲ. ನಮ್ಮ ಕಂಪನಿಯವರು ಸರ್ಟಿಫಿಕೇಟಿನಲ್ಲಿ ಹುಟ್ಟಿದ ತಾರೀಖು ತಪ್ಪು ಹಾಕಿದ್ದರು. ಅದನ್ನು ತಿದ್ದಿಸೋಕೆ ಮೂರು ತಿಂಗಳು, ಐದು ಓಡಾಟ. ಹೆಚ್‌ಆರ್ ಹುಡುಗ ಫೋನ್ ಎತ್ತುತ್ತಿರಲಿಲ್ಲ. ಗೇಟಿನಲ್ಲಿ ಕೂತು ತಗೊಂಡು ಬಂದೆ.

ವಿದ್ಯಾನಗರ: 120 ರೂಪಾಯಿಗೆ ಏನು ಚಿಕಿತ್ಸೆ ರೀ? ಒಂದು ಶುಗರ್ ಟೆಸ್ಟಿಗೆ ಅಷ್ಟಾಗುತ್ತೆ.

ಗೋಕುಲ ರಸ್ತೆ: 46,500 ಕಟ್ಟಿ ಕಲ್ಲಿಗೆ ದುಡ್ಡು ಸಿಗದವರು ನನಗೆ ಹೇಳಬೇಡಿ. ತಿಂಗಳಿಗೆ 1,900 ಮಾತ್ರೆ ಖರ್ಚು ನನಗೆ ಉಳಿದಿದೆ.

ಗದಗ ತಾಲೂಕು: ನವನಗರದವರೇ, ಯಶಸ್ವಿನಿ ಪಟ್ಟಣದವರಿಗೂ ಇದೆ. ನಾಲ್ಕು ಜನಕ್ಕೆ ಸಾವಿರ. ಸೊಸೈಟಿ ಸದಸ್ಯತ್ವ ಮಾತ್ರ ಬೇಕು. ನೋಂದಣಿ ತಾರೀಖು ಮುಗಿದರೆ ಮುಂದಿನ ವರ್ಷವೇ.

ನವನಗರ (ಕೇಳಿದವರು): ಗೋಕುಲ ರಸ್ತೆಯವರೇ, ನನಗೂ 2009ರಿಂದ 2019ರವರೆಗೆ ಇಎಸ್‌ಐ ಕಟ್ ಆಗುತ್ತಿತ್ತು. ಆಮೇಲೆ ಸಂಬಳ 21,000 ದಾಟಿತು, ನಿಂತಿತು. ಬಿಡುವಾಗ 28,400 ಇತ್ತು.

ಗೋಕುಲ ರಸ್ತೆ: ಮಿತಿ ದಾಟಿ ಹೊರಗೆ ಹೋದವರಿಗೂ ಕೊಡಬೇಕು ಅಂತ 2024ರ ಫೆಬ್ರವರಿಯಲ್ಲಿ ಇಎಸ್‌ಐ ನಿಗಮ ತೀರ್ಮಾನ ಮಾಡಿದೆ. ರಿಟೈರ್ ಆಗುವಾಗ ಸಂಬಳ 30,000ದ ಒಳಗಿರಬೇಕು. ಆದರೆ ನೀವು ಕೆಲಸ ಹೇಗೆ ಬಿಟ್ಟಿರಿ? ವಿಆರ್‌ಎಸ್ಸಾ (ಸ್ವಯಂ ನಿವೃತ್ತಿ), ರಾಜೀನಾಮೆನಾ? ಸಿಗೋದೂ ಬಿಡೋದೂ ಅದರ ಮೇಲಿದೆ. ಪತ್ರದಲ್ಲಿ ಏನು ಬರೆದಿದೆ ಅಂತ ಮೊದಲು ನೋಡಿ.

ನವನಗರ (ಕೇಳಿದವರು): ರಾಜೀನಾಮೆ ಅಂತ ಬರೆಸಿಕೊಂಡರು. ಹಾಗೆ ಬರೆದರೆ ಲೆಕ್ಕ ಬೇಗ ಚುಕ್ತಾ ಮಾಡುತ್ತೇವೆ ಅಂದಿದ್ದರು.

ಉಣಕಲ್: ಅಯ್ಯೋ ಅಣ್ಣಾರ. ನಾಳೆನೇ ಹೋಗಿ ಗೇಟಿನಲ್ಲಿ ಕೂಡಿರಿ.