ನೀರು ಬಿಟ್ಟ ಕೂಡಲೇ ಕೆಂಪು ಬಣ್ಣ, ಚರಂಡಿ ವಾಸನೆ: ಪೈಪ್ ಬದಲಿಸಬೇಕಾ?

ಹಿತ್ತಲನಲ್ಲಿ: ನಮ್ಮದು ಹುಬ್ಬಳ್ಳಿ. ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆ. ಮೊದಲು ಕೆಂಪಗಿರುತ್ತದೆ, ಚರಂಡಿ ವಾಸನೆ ಬೇರೆ. ಆಮೇಲೆ ತಿಳಿಯಾಗುತ್ತದೆ. ದೂರು ಕೊಟ್ಟರೆ ಶುದ್ಧೀಕರಣ ಘಟಕದಲ್ಲಿ ನೀರು ಚೆನ್ನಾಗಿದೆ ಎನ್ನುತ್ತಾರೆ. ಮನೆಯಲ್ಲಿ ಚಿಕ್ಕ ಮಗು ಇದೆ. ಮನೆ ಪೈಪ್ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ). ಎಲ್ಲಾ ಕಿತ್ತು ಹಾಕಿಸಲಾ?

ಪೈಪ್‌ದಾರಿ: ಸ್ವಲ್ಪ ತಡೆಯಿರಿ. ಘಟಕದಲ್ಲಿ ನೀರು ಚೆನ್ನಾಗಿದ್ದರೂ ನಿಮ್ಮ ನಲ್ಲಿಗೆ ಬರುವಷ್ಟರಲ್ಲಿ ಕೆಡಬಹುದು. ಎಲ್ಲಿ ಕೆಡುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು.

ನೀರು ಬಂದ ಕೂಡಲೇ ಮೀಟರ್ ಹತ್ತಿರದ ನಲ್ಲಿಯಿಂದ ಬಿಳಿ ಬಕೆಟ್‌ಗೆ ಹಿಡಿಯಿರಿ. ಅಲ್ಲೇ ಕೆಂಪಗಿದ್ದರೆ ತುಕ್ಕು ಬೀದಿ ಪೈಪಿನದು. ಅಲ್ಲಿ ತಿಳಿಯಾಗಿದ್ದು ಅಡುಗೆಮನೆಯಲ್ಲಿ ಕೆಂಪಗಿದ್ದರೆ ನಿಮ್ಮ ಜಿಐ ಪೈಪಿನದು.

ನನಗೆ ಜಾಸ್ತಿ ಚಿಂತೆ ವಾಸನೆಯದು. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಬಿರುಕು, ಸಡಿಲ ಜಾಯಿಂಟ್ ಇದ್ದಲ್ಲಿ ಹೊರಗಿನ ಕೊಳಕು ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲ ನೀರಿನ ಜೊತೆ ಬರುತ್ತದೆ. ನಿಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ 24 ಗಂಟೆ ನೀರಿರುವ ವಾರ್ಡ್‌ಗಳನ್ನೂ ಬಿಟ್ಟು ಬಿಟ್ಟು ಬರುವ ವಾರ್ಡ್‌ಗಳನ್ನೂ ಹೋಲಿಸಿ ನೋಡಿದ್ದಾರೆ. ಬಿಟ್ಟು ಬಿಟ್ಟು ಬರುವ ಕಡೆ ನೀರು ಹೆಚ್ಚು ಕೆಟ್ಟಿತ್ತು, ಅದರಲ್ಲೂ ಮೊದಲು ಬರುವ ನೀರು.

ರೋಗಾಣು ಕೊಲ್ಲಲು ಘಟಕದಲ್ಲಿ ಹಾಕಿದ ಕ್ಲೋರಿನ್ ಎಷ್ಟು ಉಳಿದಿದೆ ಅಂತ ಅಳೆಯುವ ಕಿಟ್ ತಂದು ಮೀಟರ್ ಹತ್ತಿರ ನೋಡಿ. ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಪೈಪಿನ ತುಕ್ಕು, ಲೋಳೆ, ಹೊರಗಿನ ಕೊಳಕು ಎಲ್ಲವೂ ಕ್ಲೋರಿನ್ ತಿಂದುಹಾಕುತ್ತವೆ. ಆದರೆ ಕ್ಲೋರಿನ್ ಸಿಕ್ಕಿತು ಅಂತ ಸುಮ್ನೆ ಬಿಡಬೇಡಿ, ಎಚ್‌ಟುಎಸ್ ಬಾಟಲಿ ಪರೀಕ್ಷೆಯನ್ನೂ ಮಾಡಿ. ಅಂದರೆ ಬ್ಯಾಕ್ಟೀರಿಯಾ ಪತ್ತೆಗೆ ಸಿಗುವ ಬಾಟಲಿಗೆ ನೀರು ತುಂಬಿ ಇಟ್ಟು ನೋಡುವುದು. ನೀರು ಕಪ್ಪಾದರೆ ಅದರಲ್ಲಿ ಮಲದ ಅಂಶ ಸೇರಿರುವ ಸಾಧ್ಯತೆ ಇದೆ. ಅಲ್ಲಿಯವರೆಗೆ ವಾಸನೆ ಬರುವ ನೀರನ್ನು ಸಂಪಿಗೆ ಬಿಡಲೇಬೇಡಿ. ಗಿಡಕ್ಕೂ ಬೇಡ, ಮೋರಿಗೆ ಹೋಗಲಿ. ಮಗುವಿಗೆ ಚೆನ್ನಾಗಿ ಕುದಿಸಿದ ನೀರೇ ಕೊಡಿ.

ಒಂದು ಕೇಳಬೇಕು, ಲೈನಿಗೆ ನೇರವಾಗಿ ಮೋಟಾರ್ ಹಾಕಿದ್ದೀರಾ?

ಹಿತ್ತಲನಲ್ಲಿ: ನಾವು ಹಾಕಿಲ್ಲ ಸರ್. ಪಕ್ಕದ ಎರಡು ಮನೆಯಲ್ಲಿ ಹಾಕಿದ್ದಾರೆ. ಈ ಸಲ ಬಕೆಟ್‌ನಲ್ಲಿ ಹಿಡಿದೆ. ಮೀಟರ್ ಹತ್ತಿರ ಕೆಂಪಿಲ್ಲ, ಆದರೆ ವಾಸನೆ ಇದೆ.

ಪೈಪ್‌ದಾರಿ: ಹಾಗಾದರೆ ಕೆಂಪು ನಿಮ್ಮ ಪೈಪಿನದು, ಅದನ್ನು ಆಮೇಲೆ ಬದಲಿಸಬಹುದು. ವಾಸನೆ ಬೀದಿಯದು, ಅದಕ್ಕೇ ಅವಸರ. ಮೋಟಾರ್ ಎಳೆದಾಗ ಪೈಪಿನೊಳಗೆ ಒತ್ತಡ ಇನ್ನೂ ಇಳಿದು ಬಿರುಕು ಇದ್ದಲ್ಲಿ ಚರಂಡಿ ನೀರೂ ಒಳಗೆ ಬರಬಹುದು. ಪಕ್ಕದವರಿಗೆ ಸಮಾಧಾನವಾಗಿ ಹೇಳಿ, ಅವರ ಮಕ್ಕಳೂ ಅದೇ ನೀರು ಕುಡಿಯೋದು ಅಲ್ವಾ. ದೂರಿನಲ್ಲಿ "ನೀರು ಕೆಟ್ಟಿದೆ" ಅಂತಷ್ಟೇ ಬರೆಯಬೇಡಿ. ಮೀಟರ್ ಹತ್ತಿರದ ಕ್ಲೋರಿನ್ ಎಷ್ಟು, ಹಿಡಿದ ಸಮಯ, ಪೈಪ್ ಚರಂಡಿ ದಾಟುವ ಜಾಗ ಯಾವುದು, ಎಲ್ಲಾ ಬರೆಯಿರಿ. ಆಗ ಎಲ್ಲಿ ಅಗೆಯಬೇಕು ಅಂತ ಅವರಿಗೂ ತಿಳಿಯುತ್ತದೆ.